ಕಾಣುವ ಬಟನ್, ಕೇಳದ ಬಟನ್

ಪರದೆಯ ತಳದಲ್ಲಿ ಹಸಿರು ಬಣ್ಣದ, ಮೂಲೆ ದುಂಡಗಿರುವ ಒಂದು ಆಯತ. ಅದರೊಳಗೆ ಬಿಳಿ ಅಕ್ಷರದಲ್ಲಿ ‘ಹಣ ಕಳಿಸಿ’. ಇದು ಒತ್ತುವ ಗುಂಡಿ ಎಂದು ಕಣ್ಣು ಕಾಣುವವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಈಗ ಅದೇ ಆ್ಯಪನ್ನು ಆಂಡ್ರಾಯ್ಡ್ ಫೋನಿನಲ್ಲಿ ತೆರೆದು, ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಚಾಲೂ ಮಾಡಿ, ಆ ಆಯತವನ್ನು ಮುಟ್ಟಿ. ‘ಹಣ ಕಳಿಸಿ’ ಎಂದು ಓದಿ, ಸ್ವಲ್ಪ ತಡೆದು, ಸಕ್ರಿಯಗೊಳಿಸಲು ಎರಡು ಬಾರಿ ತಟ್ಟಿ ಎನ್ನುತ್ತದೆ. ಐಫೋನಿನಲ್ಲಿ ಮುಟ್ಟಿದರೆ ವಾಯ್ಸ್‌ಓವರ್ ‘ಹಣ ಕಳಿಸಿ’ ಎಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಅದು ಪುಟದ ತಲೆಬರಹವೋ, ಸಾಲು ವಿವರಣೆಯೋ, ಒತ್ತಬೇಕಾದದ್ದೋ, ಕೇಳುವವರಿಗೆ ತಿಳಿಯುವುದಿಲ್ಲ. ಎರಡೂ ಫೋನಿನಲ್ಲಿ ಓಡುತ್ತಿರುವುದು ಮಾತ್ರ ಒಂದೇ ಕೋಡ್.

ಈ ಒಂದೇ ಕೋಡಿನ ವ್ಯವಹಾರಕ್ಕೆ ಕ್ರಾಸ್ ಪ್ಲಾಟ್‌ಫಾರ್ಮ್ ಎನ್ನುತ್ತಾರೆ. ಆಂಡ್ರಾಯ್ಡಿಗೊಂದು ತಂಡ, ಐಫೋನಿಗೊಂದು ತಂಡ ಇಟ್ಟುಕೊಳ್ಳುವ ಖರ್ಚು ಉಳಿಸಲು ರಿಯಾಕ್ಟ್ ನೇಟಿವ್, ಫ್ಲಟರ್ ಥರದ ಸಲಕರಣೆಗಳಲ್ಲಿ ಒಮ್ಮೆ ಬರೆದು ಎರಡೂ ಕಡೆ ಹಂಚುವುದು. ನಾವು ದಿನಾ ಬಳಸುವ ಆ್ಯಪ್‌ಗಳಲ್ಲಿ ಬಹಳಷ್ಟು ಹೀಗೇ ಹುಟ್ಟಿದವು. ಕಾಣುವ ಮಟ್ಟಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ, ಎರಡೂ ಫೋನಿನಲ್ಲಿ ಆ ಹಸಿರು ಆಯತ ಒಂದೇ ಥರ ಕಾಣುತ್ತದೆ. ಕೇಳುವ ಮಟ್ಟಿಗೆ ನೋಡಿದರೆ ಕಥೆ ಬೇರೆ.

ದೃಷ್ಟಿಯಿಲ್ಲದವರು ಟಚ್ ಫೋನನ್ನು ಹೇಗೆ ಬಳಸುತ್ತಾರೆಂಬ ಕುತೂಹಲ ಹಲವರಿಗಿದೆ. ಪರದೆಯ ಮೇಲೆ ಬೆರಳಾಡಿಸಿದರೆ ಬೆರಳಡಿ ಇರುವುದನ್ನು ಫೋನು ಓದಿ ಹೇಳುತ್ತದೆ. ಬಲಕ್ಕೆ ಗೀರಿದರೆ ಮುಂದಿನ ಅಂಶ, ಎಡಕ್ಕೆ ಗೀರಿದರೆ ಹಿಂದಿನದು, ಎರಡು ಬಾರಿ ತಟ್ಟಿದರೆ ಒತ್ತಿದಂತೆ. ಆ್ಯಪಲ್ 2009ರಲ್ಲಿ ಐಫೋನ್ 3ಜಿಎಸ್ ಜೊತೆ ವಾಯ್ಸ್‌ಓವರ್ ತಂದಾಗ, ಗುಂಡಿಗಳೇ ಇಲ್ಲದ ನುಣುಪು ಗಾಜನ್ನು ಕುರುಡರು ಬಳಸಬಲ್ಲರೆಂದು ನಂಬಿದವರು ಕಡಿಮೆ. ಅದೇ ವರ್ಷ ಆಂಡ್ರಾಯ್ಡಿಗೂ ಟಾಕ್‌ಬ್ಯಾಕ್ ಬಂತು. ಅದರ ಹಿಂದಿದ್ದ ಗೂಗಲ್ ಎಂಜಿನಿಯರುಗಳಲ್ಲಿ ಪುಣೆ ಮೂಲದ ಟಿ.ವಿ. ರಾಮನ್ ಒಬ್ಬರು, ಹದಿನಾಲ್ಕನೇ ವಯಸ್ಸಿಗೆ ದೃಷ್ಟಿ ಕಳೆದುಕೊಂಡು, ಮುಂದೆ ಬಾಂಬೆ ಐಐಟಿ, ಕಾರ್ನೆಲ್ ವಿಶ್ವವಿದ್ಯಾಲಯಗಳಲ್ಲಿ ಓದಿದವರು. 2011ರ ಜನಗಣತಿಯಲ್ಲಿ ದೃಷ್ಟಿದೋಷ ಇರುವವರೆಂದು ದಾಖಲಾದ ಭಾರತೀಯರು 50 ಲಕ್ಷಕ್ಕೂ ಹೆಚ್ಚು. ಬ್ಯಾಂಕು, ರೇಷನ್ನು, ಬಸ್ಸು, ವಿದ್ಯುತ್ ಬಿಲ್ಲು ಎಲ್ಲ ಆ್ಯಪಿಗೆ ಸರಿದ ಮೇಲೆ ಇವರಲ್ಲಿ ಅನೇಕರಿಗೆ ಸ್ಕ್ರೀನ್ ರೀಡರ್ ದಿನದ ಅಗತ್ಯವಾಗಿದೆ.

ಸ್ಕ್ರೀನ್ ರೀಡರ್ ಪರದೆಯ ಚಿತ್ರ ನೋಡಿ ಓದುತ್ತದೆಂದು ಅನೇಕರು ತಿಳಿದಿದ್ದಾರೆ. ಮುಖ್ಯವಾಗಿ ಅದು ಓದುವುದು ಆ್ಯಪು ಮರೆಯಲ್ಲಿ ಕಟ್ಟಿಕೊಡುವ ಒಂದು ಪಟ್ಟಿಯನ್ನು. ಪಟ್ಟಿಯ ಪ್ರತಿ ಅಂಶಕ್ಕೂ ಒಂದು ಹೆಸರು, ಒಂದು ರೋಲ್, ಒಂದು ಸ್ಥಿತಿ. ‘ಹಣ ಕಳಿಸಿ’ ಎಂಬುದು ಹೆಸರು. ಬಟನ್ ಎಂಬುದು ರೋಲ್, ಅಂದರೆ ಈ ಅಂಶದ ಪಾತ್ರ. ಸದ್ಯಕ್ಕೆ ಒತ್ತಲಾಗದು ಎಂಬುದು ಸ್ಥಿತಿ. ವೆಬ್ ಜಗತ್ತಿನ ಸುಲಭ ಬಳಕೆಯ ಮಾನದಂಡವಾದ ಡಬ್ಲ್ಯುಸಿಎಜಿ 2008ರ ಆವೃತ್ತಿಯಿಂದಲೂ 4.1.2 ಎಂಬ ನಿಯಮದಲ್ಲಿ ಈ ಮೂರನ್ನೂ ಕೇಳುತ್ತಿದೆ. ಅಕ್ಷರವಿರುವ ಬಟನ್ನಿನಲ್ಲಿ ಹೆಸರು ತಪ್ಪುವುದು ಕಡಿಮೆ, ಅದು ಕಣ್ಣಿಗೇ ಕಾಣುತ್ತದಲ್ಲ. ಬಿಟ್ಟುಹೋಗುವುದು ರೋಲ್.

ಯಾಕೆ ಬಿಟ್ಟುಹೋಗುತ್ತದೆ? ಆ್ಯಪಲ್ ಅಥವಾ ಗೂಗಲ್ ಕೊಟ್ಟ ಸಿದ್ಧ ಬಟನ್ನನ್ನು ಬಳಸಿದರೆ ರೋಲ್ ಅದರ ಹುಟ್ಟಿನಲ್ಲೇ ಇರುತ್ತದೆ. ಡಿಸೈನರು ಕೊಟ್ಟ ಚಿತ್ರಕ್ಕೆ ಆ ಸಿದ್ಧ ಬಟನ್ ಹೊಂದುವುದಿಲ್ಲ; ನೆರಳು ಬೇರೆ, ದುಂಡಗಿನ ಪ್ರಮಾಣ ಬೇರೆ. ಹಾಗಾಗಿ ಡೆವಲಪರು ಒಂದು ಖಾಲಿ ಪೆಟ್ಟಿಗೆ ತೆಗೆದುಕೊಂಡು, ಹಸಿರು ಬಳಿದು, ಅಕ್ಷರ ಕೂರಿಸಿ, ಮುಟ್ಟಿದಾಗ ಹೀಗೆ ಮಾಡು ಎಂದು ಒಂದು ಸಾಲು ಸೇರಿಸುತ್ತಾರೆ. ರಿಯಾಕ್ಟ್ ನೇಟಿವ್‌ನಲ್ಲಿ ಆ ಪೆಟ್ಟಿಗೆಯ ಹೆಸರು ಪ್ರೆಸಬಲ್, ಫ್ಲಟರ್‌ನಲ್ಲಿ ಜೆಸ್ಚರ್ ಡಿಟೆಕ್ಟರ್. ಬಟನ್ನಿನ ವೇಷ ಪೂರ್ತಿಯಾಯಿತು, ಪಾತ್ರ ಮಾತ್ರ ಯಾರೂ ಕೊಡಲಿಲ್ಲ. ಆಂಡ್ರಾಯ್ಡ್ ಮುಟ್ಟಬಹುದು ಎಂಬ ಒಂದೇ ಸುಳಿವು ಹಿಡಿದು ಎರಡು ಬಾರಿ ತಟ್ಟಿ ಎಂದಾದರೂ ಹೇಳುತ್ತದೆ. ಐಫೋನು ಹೇಳಿಕೊಟ್ಟದ್ದನ್ನಷ್ಟೇ ಹೇಳುತ್ತದೆ. ಆಂಡ್ರಾಯ್ಡಿನಲ್ಲಿ ಮಾತ್ರ ಪರೀಕ್ಷೆ ಮಾಡುವ ತಂಡಕ್ಕೆ ಎಲ್ಲವೂ ಸರಿಯಿದೆ ಅನ್ನಿಸುವುದು ಇದರಿಂದಲೇ.

ಗುಣವಾಗಲು ಬೇಕಾದದ್ದು ಒಂದೇ ಸಾಲು: ರೋಲ್, ಬಟನ್. ಬರೆದ ಕೂಡಲೇ ರಿಯಾಕ್ಟ್ ನೇಟಿವ್ ಅದನ್ನು ಎರಡು ಭಿನ್ನ ವ್ಯವಸ್ಥೆಗಳಿಗೆ ತಲುಪಿಸುತ್ತದೆ. ಆಂಡ್ರಾಯ್ಡಿನಲ್ಲಿ ಪ್ರತಿ ಅಂಶಕ್ಕೂ ಒಂದು ವರ್ಗದ ಹೆಸರಿರುತ್ತದೆ, ಅಲ್ಲಿ ನಮ್ಮ ಪೆಟ್ಟಿಗೆ ತಾನು ಬಟನ್ ವರ್ಗ ಎಂದು ಹೇಳಿಕೊಳ್ಳುತ್ತದೆ. ಐಫೋನಿನಲ್ಲಿ ವರ್ಗವಿಲ್ಲ, ಟ್ರೇಟ್ ಎಂಬ ಗುಣಗಳಿವೆ. ಬಟನ್, ಲಿಂಕ್, ಹೆಡರ್, ಆಯ್ಕೆಯಾಗಿದೆ, ನಿಷ್ಕ್ರಿಯ, ಹೀಗೆ ಒಂದೇ ಅಂಶಕ್ಕೆ ಎಷ್ಟು ಬೇಕೋ ಅಷ್ಟು ಅಂಟಿಸಬಹುದು. ಒಂದು ಕಡೆ ಒಂದೇ ಒಂದು ಗುರುತು, ಇನ್ನೊಂದು ಕಡೆ ಗುಣಗಳ ಗೊಂಚಲು. ಇವೆರಡಕ್ಕೂ ಹೊಂದುವ ಒಂದು ಶಬ್ದಕೋಶ ಕಟ್ಟುವುದು ಹೇಳಿದಷ್ಟು ಸುಲಭವಲ್ಲ.

ರಿಯಾಕ್ಟ್ ನೇಟಿವ್ 2015ರಲ್ಲಿ ಬಂದಾಗ ಆ ಪ್ರಯತ್ನವನ್ನೇ ಮಾಡಿರಲಿಲ್ಲ. ಐಫೋನಿಗೊಂದು, ಆಂಡ್ರಾಯ್ಡಿಗೊಂದು ಎಂದು ಎರಡು ಬೇರೆ ಬೇರೆ ಗುಣಲಕ್ಷಣಗಳನ್ನು ಬರೆಯಬೇಕಿತ್ತು. ಒಮ್ಮೆ ಬರೆಯಿರಿ ಎಂಬ ಆಮಿಷಕ್ಕೆ ಬಂದ ಡೆವಲಪರು ಎರಡು ಸಲ ಯಾಕೆ ಬರೆದಾರು? 2018ರಲ್ಲಿ ಎರಡನ್ನೂ ಸೇರಿಸಿ ಆಕ್ಸೆಸಿಬಿಲಿಟಿ ರೋಲ್ ಎಂಬ ಒಂದೇ ಗುಣಲಕ್ಷಣ ತಂದರು. 2023ರ ಜನವರಿಯಲ್ಲಿ ಬಂದ 0.71 ಆವೃತ್ತಿಯಲ್ಲಿ ವೆಬ್‌ನವರು ಬಳಸುವ ರೋಲ್, ಆರಿಯಾ ಎಂಬ ಹೆಸರುಗಳನ್ನೂ ಒಪ್ಪಿಕೊಂಡರು. ಫ್ಲಟರ್‌ನ ಸಮಸ್ಯೆ ಇನ್ನೂ ಮೂಲದ್ದು. ಅದು ಆ್ಯಪಲ್‌ನ ಅಥವಾ ಗೂಗಲ್‌ನ ಸಿದ್ಧ ತುಣುಕುಗಳನ್ನು ಬಳಸುವುದೇ ಇಲ್ಲ. ಖಾಲಿ ಹಾಳೆಯ ಮೇಲೆ ಪ್ರತಿ ಚುಕ್ಕೆಯನ್ನೂ ತಾನೇ ಬಿಡಿಸುತ್ತದೆ. ಹಾಗಾಗಿ ಫೋನಿನ ಕಣ್ಣಿಗೆ ಇಡೀ ಆ್ಯಪು ಒಂದೇ ಚಿತ್ರ. ಆ ಚಿತ್ರದ ಹಿಂದೆ ಸೆಮ್ಯಾಂಟಿಕ್ಸ್ ಎಂಬ ಸಮಾನಾಂತರ ಪಟ್ಟಿಯನ್ನು ಫ್ಲಟರ್ ಕಟ್ಟಿ ಸ್ಕ್ರೀನ್ ರೀಡರಿಗೆ ಒಪ್ಪಿಸುತ್ತದೆ. ತನ್ನದೇ ಸಿದ್ಧ ಬಟನ್ ಬಳಸಿದರೆ ಪಟ್ಟಿಗೆ ಸರಿಯಾದ ಗುರುತು ಬೀಳುತ್ತದೆ. ಟ್ಯಾಬು, ಡೈಲಾಗು, ಮೆನು, ಕೋಷ್ಟಕಗಳಿಗೆ ಪ್ರತ್ಯೇಕ ರೋಲ್‌ಗಳ ವ್ಯವಸ್ಥೆ ಅದಕ್ಕೆ ಬಂದದ್ದು 2025ರ 3.32 ಆವೃತ್ತಿಯಲ್ಲಿ, ಅದೂ ಮೊದಲು ವೆಬ್‌ಗೆ. 2018ರಲ್ಲೇ 1.0 ಎಂದು ಘೋಷಿಸಿಕೊಂಡ ಸಲಕರಣೆಗೆ ಇದು ತಡವಾಯಿತು ಎಂದೇ ನನ್ನ ಎಣಿಕೆ.

ಬಟನ್ ಸುಲಭದ ಪ್ರಕರಣ. ನಿಜವಾದ ಪರೀಕ್ಷೆ ನೋಡಬೇಕಾದರೆ ಬಸ್ ಟಿಕೆಟ್ ಆ್ಯಪಿನ ಸೀಟಿನ ನಕ್ಷೆ ತೆಗೆಯಿರಿ.

ಬೆಂಗಳೂರಿನಿಂದ ಬೀದರಿಗೆ ಹೊರಟ ಸ್ಲೀಪರ್ ಬಸ್ಸು. ನಕ್ಷೆಯಲ್ಲಿ ಕೆಳಗಿನ ಬರ್ತು, ಮೇಲಿನ ಬರ್ತು ಎಂದು ಎರಡು ಟ್ಯಾಬು. ಒಂದು ಮೂಲೆಯಲ್ಲಿ ಸ್ಟೀರಿಂಗ್ ಚಿತ್ರ. ಖಾಲಿ ಸೀಟಿಗೆ ಬಿಳಿ, ತುಂಬಿದ್ದಕ್ಕೆ ಬೂದು, ಮಹಿಳೆಯರಿಗೆ ಮೀಸಲಾದ್ದಕ್ಕೆ ಗುಲಾಬಿ, ನೀವು ಆರಿಸಿದ್ದಕ್ಕೆ ಹಸಿರು. ಕಣ್ಣಿಗೆ ಒಂದು ನೋಟ ಸಾಕು. ರೋಲ್ ಇಲ್ಲದ ನಕ್ಷೆಯಲ್ಲಿ ಬೆರಳಾಡಿಸಿದರೆ ಕೇಳುವುದು ‘ಎಲ್ ಒಂದು, ಎಲ್ ಎರಡು, ಎಲ್ ಮೂರು’. ಕೆಲವು ಕಡೆ ಅದೂ ಇಲ್ಲ, ಪೆಟ್ಟಿಗೆಗಳು ಪಟ್ಟಿಯಲ್ಲೇ ಇರುವುದಿಲ್ಲ, ಬೆರಳು ಮೌನದ ಮೇಲೆ ಓಡಾಡಿ ಬರುತ್ತದೆ.

ಇಲ್ಲಿ ಪ್ರತಿ ಸೀಟಿಗೂ ಯಾವ ರೋಲ್ ಕೊಡಬೇಕು? ಎಲ್ಲಕ್ಕೂ ಬಟನ್ ಎಂದುಬಿಡುವುದು ಸುಲಭ. ಬಟನ್ ಅಂದರೆ ಒತ್ತಿದ ಕೂಡಲೇ ಏನೋ ನಡೆಯುತ್ತದೆ, ಬಹುಶಃ ಪುಟವೇ ಬದಲಾಗುತ್ತದೆ ಎಂದು ಕೇಳುವವರು ಅಂದುಕೊಳ್ಳುತ್ತಾರೆ. ಸೀಟು ಹಾಗಲ್ಲ, ಒತ್ತಿದರೆ ಆಯ್ಕೆ, ಮತ್ತೆ ಒತ್ತಿದರೆ ರದ್ದು, ಬೇಕಾದರೆ ಪಕ್ಕದ್ದನ್ನೂ ಸೇರಿಸಬಹುದು. ಇದು ಚೆಕ್‌ಬಾಕ್ಸಿನ ನಡತೆ. ಒಬ್ಬರಿಗೆ ಒಂದೇ ಸೀಟು ಎಂಬ ನಿಯಮವಿದ್ದರೆ ರೇಡಿಯೋ ಬಟನ್ ಸರಿ. ರೋಲ್ ಚೆಕ್‌ಬಾಕ್ಸ್ ಎಂದಾದ ಮೇಲೆ ಸ್ಥಿತಿ ಕೊಡಲೇಬೇಕು: ಆಯ್ಕೆಯಾಗಿದೆಯೋ ಇಲ್ಲವೋ, ತುಂಬಿದ್ದರೆ ನಿಷ್ಕ್ರಿಯ. ಗುಲಾಬಿ ಬಣ್ಣ ಯಾವ ರೋಲಿನಲ್ಲೂ ಇಲ್ಲ, ಯಾವ ಸ್ಥಿತಿಯಲ್ಲೂ ಇಲ್ಲ. ಅದು ಹೆಸರಿನೊಳಗೇ ಬರಬೇಕು. ಸ್ಟೀರಿಂಗ್ ಚಿತ್ರ ಬಸ್ಸಿನ ಮುಂಭಾಗ ಯಾವುದೆಂದು ಕಣ್ಣಿಗೆ ಹೇಳುತ್ತದೆ, ಕಿವಿಗೆ ‘ಚಿತ್ರ’ ಎಂದಷ್ಟೇ ಕೇಳಿದರೆ ಉಪಯೋಗವಿಲ್ಲ. ಚಿತ್ರವನ್ನು ಪಟ್ಟಿಯಿಂದ ಮರೆಮಾಡಿ, ಅದು ಹೇಳುತ್ತಿದ್ದ ವಿಷಯವನ್ನು ಸೀಟಿನ ಹೆಸರಿಗೆ ಸೇರಿಸುವುದು ಮೇಲು: ‘ಎಲ್ ಐದು, ಮುಂದಿನಿಂದ ಮೂರನೇ ಸಾಲು, ಕಿಟಕಿ ಪಕ್ಕ, ಮಹಿಳೆಯರಿಗೆ ಮೀಸಲು’.

ಇಷ್ಟು ಮಾಡಿದ ಮೇಲೆ ಎರಡು ಫೋನು ಮತ್ತೆ ಬೇರೆ ದಾರಿ ಹಿಡಿಯುತ್ತವೆ. ಆಂಡ್ರಾಯ್ಡಿಗೆ ಚೆಕ್‌ಬಾಕ್ಸ್ ಎಂಬ ವರ್ಗ ಮೊದಲಿನಿಂದ ಗೊತ್ತು. ಐಫೋನಿನ ಟ್ರೇಟ್‌ಗಳ ಪಟ್ಟಿಯಲ್ಲಿ ಚೆಕ್‌ಬಾಕ್ಸ್ ಎಂಬುದೇ ಇಲ್ಲ. ಐಫೋನಿನ ಸ್ವಂತ ಪರಂಪರೆಯಲ್ಲಿ ಆ ಜಾಗಕ್ಕೆ ಸ್ವಿಚ್ ಬಳಸುತ್ತಾರೆ. ಟಾಗಲ್ ಬಟನ್ ಎಂಬ ಟ್ರೇಟ್ ಸೇರಿದ್ದೂ 2023ರ ಐಒಎಸ್ 17ರಲ್ಲಿ. ಹಾಗಾಗಿ ರಿಯಾಕ್ಟ್ ನೇಟಿವ್ ಒಂದು ಉಪಾಯ ಮಾಡುತ್ತದೆ. ಚೆಕ್‌ಬಾಕ್ಸ್ ಎಂಬ ಶಬ್ದವನ್ನೂ ಆಯ್ಕೆಯ ಸ್ಥಿತಿಯನ್ನೂ ಆ ಅಂಶದ ಮೌಲ್ಯ ಎಂಬ ಖಾನೆಗೆ ಪಠ್ಯವಾಗಿ ತುಂಬಿ ಕಳಿಸುತ್ತದೆ. ವಾಯ್ಸ್‌ಓವರ್ ಅದನ್ನು ಓದುತ್ತದೆ. ಕಿವಿಗೆ ಸರಿಯಾಗಿಯೇ ಕೇಳುತ್ತದೆ, ಆದರೆ ವ್ಯವಸ್ಥೆಗೆ ಅದು ಚೆಕ್‌ಬಾಕ್ಸ್ ಎಂದು ಗೊತ್ತಿಲ್ಲ, ಬರೀ ಮಾತು. ರೇಡಿಯೋ ಬಟನ್ನಿನದ್ದೂ ಇದೇ ಗತಿ. ಈ ಒಳಗುಟ್ಟು ತಿಳಿಯದ ಡೆವಲಪರು ಐಫೋನಿನಲ್ಲಿ ಬೇರೆ ಏನನ್ನೋ ಮೌಲ್ಯದ ಖಾನೆಗೆ ತುಂಬಲು ಹೋದರೆ ಎರಡೂ ಅದೇ ಖಾನೆಯಲ್ಲಿ ಸೇರಿಕೊಳ್ಳುತ್ತವೆ.

ಸೀಟು ಆರಿಸಿದಾಗ ಕೆಳಗೆ ಒಟ್ಟು ದರ ಬದಲಾಗುತ್ತದೆ. ಕಣ್ಣು ಅದನ್ನು ತಾನೇ ಹಿಡಿಯುತ್ತದೆ. ಬೆರಳಿರುವುದು ಮೇಲೆ, ಸೀಟಿನ ಮೇಲೆ. ಬದಲಾವಣೆಯನ್ನು ತಾನಾಗಿ ಓದಿ ಹೇಳು ಎಂದು ಗುರುತು ಮಾಡುವ ಲೈವ್ ರೀಜನ್ ಎಂಬ ಸೌಲಭ್ಯ ರಿಯಾಕ್ಟ್ ನೇಟಿವ್‌ನಲ್ಲಿ ಆಂಡ್ರಾಯ್ಡಿಗಾಗಿ ಇದೆ. ಐಫೋನಿಗೆ ಪ್ರತಿ ಸಲ ಇದನ್ನು ಹೇಳು ಎಂದು ಕೋಡಿನಲ್ಲಿ ಕರೆ ಕಳಿಸಬೇಕು. ಹಣ ಪಾವತಿ ವಿಫಲವಾಯಿತು ಎಂಬ ಕೆಂಪು ಸಾಲಿಗೂ ಇದೇ ನಿಯಮ. ಒಂದೇ ಕಡೆ ನೋಡಿ ಬಿಟ್ಟರೆ, ಒಂದು ಫೋನಿನವರಿಗೆ ಸುದ್ದಿ ಮುಟ್ಟುತ್ತದೆ, ಇನ್ನೊಂದು ಫೋನಿನವರು ಹಣ ಹೋಯಿತೋ ಇಲ್ಲವೋ ಎಂದು ಕಾಯುತ್ತಾ ಕೂರುತ್ತಾರೆ.

ಇನ್ನೊಂದು ಮಾತು, ನಕ್ಷೆಯ ಬಗ್ಗೆ. ಮೂವತ್ತಾರು ಬರ್ತಿನಲ್ಲಿ ಮೂವತ್ತು ತುಂಬಿದ್ದರೆ, ರೋಲ್ ಎಷ್ಟೇ ಚೊಕ್ಕವಾಗಿರಲಿ, ಮೂವತ್ತು ಸಲ ‘ನಿಷ್ಕ್ರಿಯ’ ಕೇಳಿಸಿಕೊಳ್ಳುವುದು ಶಿಕ್ಷೆಯೇ. ಖಾಲಿ ಸೀಟುಗಳನ್ನಷ್ಟೇ ತೋರಿಸುವ ಒಂದು ಪಟ್ಟಿ ಪಕ್ಕದಲ್ಲಿ ಕೊಟ್ಟರೆ ಸ್ಕ್ರೀನ್ ರೀಡರಿನವರಿಗೂ ಅನುಕೂಲ, ಚಿಕ್ಕ ಪರದೆಯಲ್ಲಿ ಬೆರಳು ತಪ್ಪುವ ಹಿರಿಯರಿಗೂ ಅನುಕೂಲ. ರೋಲ್ ಹಚ್ಚುವುದರಿಂದ ಕೆಟ್ಟ ವಿನ್ಯಾಸ ಒಳ್ಳೆಯದಾಗುವುದಿಲ್ಲ.

ತಪ್ಪು ರೋಲಿನ ಕೇಡು ರೋಲ್ ಇಲ್ಲದ್ದಕ್ಕಿಂತ ದೊಡ್ಡದು ಎಂಬುದನ್ನು ಡೆವಲಪರುಗಳು ಸುಲಭಕ್ಕೆ ಒಪ್ಪುವುದಿಲ್ಲ. ಏನೋ ಒಂದು ಹಾಕಿದ್ದೇವಲ್ಲ ಎನ್ನುತ್ತಾರೆ. ಪ್ರಯಾಣಿಕರ ಸಂಖ್ಯೆ ಆರಿಸುವ ಜಾಗಕ್ಕೆ, ಕೂಡಿಸುವ ಕಳೆಯುವ ಎರಡು ಪುಟ್ಟ ಗುರುತುಗಳ ನಡುವೆ ಅಂಕಿ ಇರುವಲ್ಲಿ, ಅಡ್ಜಸ್ಟೆಬಲ್ ಎಂಬ ರೋಲ್ ಕೊಟ್ಟರು ಎಂದುಕೊಳ್ಳಿ. ವಾಯ್ಸ್‌ಓವರ್ ತಕ್ಷಣ ಬಳಕೆದಾರರಿಗೆ ಹೇಳುತ್ತದೆ: ಬೆರಳನ್ನು ಮೇಲೆ ಅಥವಾ ಕೆಳಗೆ ಗೀರಿ ಬದಲಿಸಿ. ಗೀರಿದರೆ ಏನೂ ಆಗುವುದಿಲ್ಲ, ಏಕೆಂದರೆ ಹೆಚ್ಚಿಸು, ಕಡಿಮೆ ಮಾಡು ಎಂಬ ಎರಡು ಕ್ರಿಯೆಗಳನ್ನು ಬೇರೆಯಾಗಿ ಬರೆದು ಜೋಡಿಸಬೇಕಿತ್ತು. ರೋಲ್ ಎಂಬುದು ಮಾತು ಕೊಟ್ಟಂತೆ. ಹೆಡರ್ ಎಂದರೆ ತಲೆಬರಹದಿಂದ ತಲೆಬರಹಕ್ಕೆ ಹಾರುವವರು ಇಲ್ಲಿಗೆ ಬಂದು ಇಳಿಯುತ್ತಾರೆ. ದಪ್ಪಕ್ಷರವಿದ್ದ ಕಡೆಯೆಲ್ಲ ಹೆಡರ್ ಹಾಕಿದರೆ ಅವರು ಬೇಡದ ಹದಿನೈದು ಕಡೆ ಇಳಿದು ಹತ್ತಬೇಕು. ಲಿಂಕ್ ಎಂದರೆ ಎಲ್ಲಿಗೋ ಕರೆದೊಯ್ಯುತ್ತದೆ ಎಂಬ ನಿರೀಕ್ಷೆ. ಸ್ಲೈಡರ್ ಎಂದರೆ ಆಂಡ್ರಾಯ್ಡಿನಲ್ಲಿ ವಾಲ್ಯೂಮ್ ಗುಂಡಿಯಿಂದಲೂ ಏರಿಳಿಸಬಹುದು ಎಂಬ ಅಭ್ಯಾಸ ಬಳಕೆದಾರರಿಗಿದೆ. ಕನಿಷ್ಠ, ಗರಿಷ್ಠ, ಈಗಿನ ಮೌಲ್ಯ ಮೂರನ್ನೂ ಕೊಡದಿದ್ದರೆ ಆ ಅಭ್ಯಾಸ ಮೋಸ ಹೋಗುತ್ತದೆ.

ರೋಲನ್ನು ಹೆಸರಿನಲ್ಲೇ ತುರುಕುವ ಚಾಳಿಯೂ ಇದೆ. ‘ಹಣ ಕಳಿಸಿ ಬಟನ್’ ಎಂದು ಹೆಸರಿಟ್ಟು ರೋಲನ್ನೂ ಕೊಟ್ಟರೆ ಕೇಳುವುದು ‘ಹಣ ಕಳಿಸಿ ಬಟನ್, ಬಟನ್’. ಕೇಳಲು ಹಾಸ್ಯಾಸ್ಪದ, ಅಷ್ಟೇ ಅಲ್ಲ. ಟಾಕ್‌ಬ್ಯಾಕಿನಲ್ಲಿ ಅಂಶದ ಬಗೆಯನ್ನು ಓದಬೇಡ ಎಂದು ಬಳಕೆದಾರರೇ ಸೆಟ್ಟಿಂಗಿನಲ್ಲಿ ಬಂದ್ ಮಾಡಿಕೊಳ್ಳಬಹುದು. ಪಳಗಿದವರಲ್ಲಿ ಕೆಲವರು ವೇಗಕ್ಕಾಗಿ ಮಾಡಿಕೊಳ್ಳುತ್ತಾರೆ ಕೂಡ. ಹೆಸರಿನೊಳಗೆ ಅಡಗಿದ ಬಟನ್ನನ್ನು ಅವರು ಬಂದ್ ಮಾಡಲಾರರು. ಬ್ರೈಲ್ ಪಟ್ಟಿ ಜೋಡಿಸಿಕೊಂಡು ಬೆರಳಲ್ಲಿ ಓದುವವರಿಗೆ ಇಂಗ್ಲಿಷಿನಲ್ಲಿ ಬಟನ್ ಎಂಬುದು ಬಿ, ಟಿ, ಎನ್ ಎಂಬ ಮೂರೇ ಕೋಶಗಳಲ್ಲಿ ಮುಗಿಯುತ್ತದೆ. ಹೆಸರಿನಲ್ಲಿ ಪೂರ್ತಿ ಬರೆದರೆ ಸಣ್ಣ ಪಟ್ಟಿಯ ಅರ್ಧ ಜಾಗ ಅದೇ ತಿನ್ನುತ್ತದೆ.

ಕನ್ನಡದ ಆ್ಯಪಿಗೆ ಇದರ ಮೇಲೊಂದು ತೊಡಕಿದೆ. ರೋಲ್ ಹೇಳುವುದು ಸಾಮಾನ್ಯವಾಗಿ ಫೋನಿನ ಭಾಷೆಯಲ್ಲಿ, ಹೆಸರು ಇರುವುದು ಆ್ಯಪಿನ ಭಾಷೆಯಲ್ಲಿ. ಫೋನು ಇಂಗ್ಲಿಷಿನಲ್ಲಿಟ್ಟು ಆ್ಯಪು ಕನ್ನಡದಲ್ಲಿಟ್ಟವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಇಂಗ್ಲಿಷ್ ಧ್ವನಿಗೆ ಕನ್ನಡ ಲಿಪಿ ಕೊಟ್ಟರೆ ಕೆಲವು ಧ್ವನಿ ಎಂಜಿನ್‌ಗಳು ಅದನ್ನು ಹಾರಿಸಿಯೇಬಿಡುತ್ತವೆ. ಹೆಸರು ಹೋಗಿ ‘ಬಟನ್’ ಎಂಬ ಒಂಟಿ ಶಬ್ದ ಉಳಿಯುತ್ತದೆ. ಆಂಡ್ರಾಯ್ಡಿನಲ್ಲಿ ಗೂಗಲ್‌ನ ಕನ್ನಡ ಧ್ವನಿ ಇದೆ, ಇ-ಸ್ಪೀಕ್ ಎಂಬ ಮುಕ್ತ ತಂತ್ರಾಂಶದ ಸ್ವಲ್ಪ ಒರಟು ಕನ್ನಡವೂ ಇದೆ. ಈ ಪಠ್ಯ ಕನ್ನಡದ್ದು ಎಂದು ಅಂಶಕ್ಕೆ ಭಾಷೆಯ ಗುರುತು ಹಚ್ಚುವ ಸೌಲಭ್ಯ ರಿಯಾಕ್ಟ್ ನೇಟಿವ್‌ನಲ್ಲಿ ಐಫೋನಿಗೆ ಇದೆ. ಅದನ್ನು ಬಳಸಲು ಖರ್ಚೇನೂ ಇಲ್ಲ.

ಕಾನೂನು ಏನು ಹೇಳುತ್ತದೆ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಅಡಿ ಡಿಜಿಟಲ್ ಸೇವೆಗಳು ಎಲ್ಲರಿಗೂ ದಕ್ಕಬೇಕು. ಭಾರತೀಯ ಮಾನಕ ಸಂಸ್ಥೆಯ ಐಎಸ್ 17802 ಎಂಬ ಮಾನದಂಡವೂ ಇದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್, ಆಸಿಡ್ ದಾಳಿಗೊಳಗಾದವರು ಮತ್ತು ದೃಷ್ಟಿದೋಷ ಇರುವವರು ಡಿಜಿಟಲ್ ಕೆವೈಸಿ ಎಂಬ ಗುರುತು ಪರಿಶೀಲನೆಯಲ್ಲಿ ಪಡುವ ಪಾಡಿನ ಅರ್ಜಿಗಳನ್ನು ತೀರ್ಮಾನಿಸುತ್ತಾ, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದಿತು. ಅದೇ ವರ್ಷದ ಜೂನ್ 28ರಿಂದ ಯುರೋಪಿನ ಆಕ್ಸೆಸಿಬಿಲಿಟಿ ಕಾಯ್ದೆ ಜಾರಿಗೆ ಬಂದಿದ್ದು, ಅಲ್ಲಿನ ಗ್ರಾಹಕರಿಗೆ ಬ್ಯಾಂಕಿಂಗ್, ಇ-ವಾಣಿಜ್ಯದ ಆ್ಯಪು ಕಟ್ಟಿಕೊಡುವ ಬೆಂಗಳೂರಿನ ಕಂಪನಿಗಳೂ ಈಗ ರೋಲಿನ ಮಾತಾಡತೊಡಗಿವೆ. ಯುರೋಪಿನ ಗ್ರಾಹಕರಿಗೆ ಕೊಡುವ ಗಮನ ಇಲ್ಲಿಯ ಬಸ್ ಟಿಕೆಟ್ಟಿಗೂ ಸಿಕ್ಕೀತೇ ಎಂಬುದು ನನ್ನ ಅನುಮಾನ.

ಪರೀಕ್ಷೆಯ ವಿಷಯ ಉಳಿಯಿತು. ಗೂಗಲ್‌ನ ಆಕ್ಸೆಸಿಬಿಲಿಟಿ ಸ್ಕ್ಯಾನರ್, ಆ್ಯಪಲ್‌ನ ಆಕ್ಸೆಸಿಬಿಲಿಟಿ ಇನ್‌ಸ್ಪೆಕ್ಟರ್ ಎರಡೂ ಪುಕ್ಕಟೆ. ಹೆಸರಿಲ್ಲದ ಅಂಶ, ಮಸುಕು ಬಣ್ಣ, ಬೆರಳಿಗೆ ಸಾಲದಷ್ಟು ಚಿಕ್ಕ ಗುಂಡಿ ಇಂಥವನ್ನು ಅವು ಹಿಡಿದುಕೊಡುತ್ತವೆ. ಸೀಟಿಗೆ ಚೆಕ್‌ಬಾಕ್ಸ್ ಬದಲು ಬಟನ್ ಎಂದು ಬರೆದಿದ್ದರೆ ಯಂತ್ರಕ್ಕೆ ತಿಳಿಯುವುದಿಲ್ಲ, ಅದಕ್ಕೆ ಬಟನ್ನೂ ಒಂದು ಸರಿಯಾದ ರೋಲೇ. ಅದನ್ನು ಹಿಡಿಯಲು ಕಿವಿಯೇ ಬೇಕು. ವಾಯ್ಸ್‌ಓವರ್ ಚಾಲೂ ಇದ್ದಾಗ ಮೂರು ಬೆರಳಿಂದ ಮೂರು ಸಲ ತಟ್ಟಿದರೆ ಐಫೋನಿನ ಪರದೆ ಕಪ್ಪಾಗುತ್ತದೆ, ಫೋನು ಮಾತ್ರ ಕೆಲಸ ಮಾಡುತ್ತಲೇ ಇರುತ್ತದೆ. ಟಾಕ್‌ಬ್ಯಾಕಿನ ಮೆನುವಿನಲ್ಲೂ ಪರದೆ ಮರೆಮಾಡುವ ಆಯ್ಕೆ ಇದೆ. ಹೊಸ ಆವೃತ್ತಿ ಬಿಡುಗಡೆ ಮಾಡುವ ಮುನ್ನ ತಂಡದ ಒಬ್ಬರು ಎರಡೂ ಫೋನಿನಲ್ಲಿ ಹೀಗೆ ಪರದೆ ಕಪ್ಪು ಮಾಡಿಕೊಂಡು ಒಂದು ಟಿಕೆಟ್ ಕಾದಿರಿಸಿ, ಮತ್ತೆ ರದ್ದು ಮಾಡಿ ಹಣ ವಾಪಸು ಬಂತೆಂಬ ಸಂದೇಶ ಕೇಳಿಸಿಕೊಳ್ಳುವವರೆಗೆ ಹೋಗಬೇಕು. ಇನ್ನೂ ಮೇಲಿನದೆಂದರೆ ದಿನವೂ ಸ್ಕ್ರೀನ್ ರೀಡರ್ ಬಳಸುವವರನ್ನೇ ಸಂಬಳ ಕೊಟ್ಟು ಆ ಕೆಲಸಕ್ಕೆ ಕೂರಿಸುವುದು. ಡೆವಲಪರು ಮೂರು ನಿಮಿಷ ತಡಕಾಡುವ ಕಡೆ ಅವರು ಮೂರು ಗೀರಿನಲ್ಲಿ ತಪ್ಪು ತೋರಿಸುತ್ತಾರೆ, ಮತ್ತು ಯಾವ ತಪ್ಪಿನೊಂದಿಗೆ ಬದುಕಬಹುದು, ಯಾವುದರೊಂದಿಗೆ ಆಗದು ಎಂಬುದು ಅವರಿಗೇ ಗೊತ್ತು.